ಬಣ್ಣ ನಂಬಬೇಡಿ, ಪಾದ ನೋಡಿ: ಪೆಡೆರಸ್ ಕುಲದ ದುಂಬಿಗಳನ್ನು ಗುರುತಿಸುವ ಬಗೆ

(ಚಿಕ್ಕಮಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೂ ಬೆಳೆಗಾರರಿಗೂ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಸಂಜೆ ದೀಪ ಹಾಕಿದರೆ ಸಾಕು, ಜಗುಲಿಯ ಗೋಡೆ ತುಂಬ ಹುಳು. ಅದರಲ್ಲಿ ಏಳೆಂಟು ಮಿಲಿಮೀಟರ್ ಉದ್ದದ ಪೆಡೆರಸ್ ದುಂಬಿಯೊಂದು ಇರುತ್ತದೆ. ಕಪ್ಪು ತಲೆ, ಕೆಂಪು ಎದೆ, ನಡುವೆ ಮಿರುಗುವ ನೀಲಿ, ಕೆಂಪು ಹೊಟ್ಟೆ, ಕಪ್ಪು ತುದಿ. ಕತ್ತಿನ ಮೇಲೆ ಹರಿದಾಡಿದರೆ ಇರುವೆ ಅಂದುಕೊಂಡು ಉಜ್ಜಿಬಿಡುತ್ತೇವೆ. ಒಂದೆರಡು ದಿನದಲ್ಲಿ ಅಲ್ಲಿ ಗೆರೆ ಎಳೆದ ಹಾಗೆ ಉರಿ, ಬೊಬ್ಬೆ. ‘ಹುಳ ಕಚ್ಚಿತು’ ಅನ್ನುತ್ತೇವೆ. ಅದು ಕಚ್ಚಿರುವುದಿಲ್ಲ, ಕುಟುಕಿಯೂ ಇರುವುದಿಲ್ಲ. ಅದರ ಮೈರಸದಲ್ಲಿ ಪೆಡೆರಿನ್ ಎಂಬ ವಿಷವಿದೆ. ಜಜ್ಜಿದಾಗ ಚರ್ಮಕ್ಕೆ ತಾಗುತ್ತದೆ. ಆ ವಿಷವನ್ನು ತಯಾರಿಸುವುದು ಹುಳುವಿನೊಳಗೆ ವಾಸವಿರುವ ಬ್ಯಾಕ್ಟೀರಿಯಾ. ಮೈಮೇಲೆ ಕೂತರೆ ಊದಿ ಹಾರಿಸಿ. ಜಜ್ಜಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ.

ಇದೇ ದುಂಬಿ ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ಹಿಡಿದು ತಿನ್ನುತ್ತದೆ. ಹಾಗಾಗಿ ಇದನ್ನು ಸರಿಯಾಗಿ ಗುರುತಿಸುವುದು ವೈದ್ಯರಿಗೂ ಬೇಕು, ರೈತರಿಗೂ ಬೇಕು. ನೀಲಿ-ಕೆಂಪು ಹುಳುವೆಲ್ಲ ಒಂದೇ ಎಂದು ಸಿಂಪಡಣೆಗೆ ಇಳಿಯುವುದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಮೊದಲು ಕುಟುಂಬ. ಇದು ಸ್ಟ್ಯಾಫಿಲಿನಿಡೇ, ಅಂದರೆ ರೋವ್ ಬೀಟಲ್‌ಗಳ ಕುಟುಂಬ. 60,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈಗಾಗಲೇ ಹೆಸರಿಟ್ಟಿದ್ದಾರೆ. ಬೇರೆ ದುಂಬಿಗಳಲ್ಲಿ ಗಟ್ಟಿಯಾದ ಮುಂರೆಕ್ಕೆ ಸಾಮಾನ್ಯವಾಗಿ ಹೊಟ್ಟೆಯನ್ನೆಲ್ಲ ಮುಚ್ಚಿರುತ್ತದೆ. ಇವುಗಳಲ್ಲಿ ಬಹುಪಾಲಿಗೆ ಅದು ಗಿಡ್ಡ, ಹೊಟ್ಟೆಯ ಖಂಡಗಳು ಬಯಲಿಗೇ ಕಾಣುತ್ತವೆ. ಹಾರಿ ಬಂದು ಕೂತ ದುಂಬಿಯನ್ನು ಒಂದು ನಿಮಿಷ ನೋಡಿ: ಹೊಟ್ಟೆಯನ್ನು ಮೇಲಕ್ಕೆ ಬಾಗಿಸಿ, ಅದರಿಂದಲೇ ತೆಳು ಹಿಂರೆಕ್ಕೆಗಳನ್ನು ಮಡಿಸಿ ಆ ಪುಟ್ಟ ಮುಂರೆಕ್ಕೆಯಡಿ ತುರುಕುತ್ತದೆ. ಬಾಲದಲ್ಲಿ ಇಕ್ಕಳ ಕಂಡರೆ ಅದು ದುಂಬಿಯೇ ಅಲ್ಲ, ಬೇರೆ ಗಣದ ಕೀಟ.

ಗದ್ದೆಯಲ್ಲಿ ಓಫಿಯೋನಿಯಾ ಎಂಬ ನೆಲದುಂಬಿಯೂ ಸಿಗುತ್ತದೆ. ಅದಕ್ಕೂ ಕೆಂಪು ಮೈ, ಕಡುನೀಲಿ ಪಟ್ಟೆ, ಉದ್ದ ಕತ್ತು. ಬಣ್ಣವನ್ನೇ ನಂಬಿದವರು ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತಾರೆ. ರೆಕ್ಕೆಯ ಉದ್ದ ನೋಡಿದರೆ ಅಲ್ಲೇ ತೀರ್ಮಾನವಾಗುತ್ತದೆ.

ಇನ್ನು ಕುಲ. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನಿಯಸ್ 1758ರಲ್ಲಿ ಇಂಥದೊಂದು ದುಂಬಿಯನ್ನು ಸ್ಟ್ಯಾಫಿಲಿನಸ್ ಕುಲದಲ್ಲೇ ಸೇರಿಸಿದ್ದರು. 1775ರಲ್ಲಿ ಅವರ ಶಿಷ್ಯ ಫ್ಯಾಬ್ರಿಷಿಯಸ್ ಪೆಡೆರಸ್ ಎಂಬ ಬೇರೆ ಕುಲ ಮಾಡಿದರು. ಹತ್ತುಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿದು ಪಾದಕ್ಕೆ ಬನ್ನಿ. ಪ್ರತಿ ಪಾದದಲ್ಲೂ ಐದು ಗೆಣ್ಣು. ಮೊದಲ ಮೂರನ್ನು ಬಿಡಿ, ನಾಲ್ಕನೆಯದನ್ನು ನೋಡಿ: ಎತ್ತಿನ ಗೊರಸಿನ ಹಾಗೆ ಎರಡಾಗಿ ಸೀಳಿದೆ, ಆ ಸೀಳಿನ ನಡುವಿನಿಂದ ಐದನೆಯ ಗೆಣ್ಣು ಹೊರಟು ಉಗುರಿನಲ್ಲಿ ಮುಗಿಯುತ್ತದೆ. ಕಾಲು ಮಡಚಿಕೊಂಡಿದ್ದರೆ ಇದು ಕಾಣುವುದಿಲ್ಲ. ಮಾದರಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸಣ್ಣ ಕುಂಚದಿಂದ ಪಾದ ಬಿಡಿಸಿ, ಬೆಳಕನ್ನು ಓರೆಯಾಗಿ ಬಿಡಬೇಕು. ಅವಸರ ಮಾಡಿದರೆ ಪಾದವೇ ಮುರಿಯುತ್ತದೆ.

ಸೀಳುಪಾದ ಒಂದೇ ಸಾಕೇ? ಸಾಲದು. ಹತ್ತಿರದ ಕೆಲವು ಕುಲಗಳಲ್ಲೂ ಅದು ಇದೆ. ಆಗ ಬಾಯಿಯ ಪಕ್ಕದ ಕಿರುಮೀಸೆ ನೋಡಬೇಕು. ಪೆಡೆರಸ್‌ನಲ್ಲಿ ಅದರ ಮೂರನೆಯ ಗೆಣ್ಣು ಉಬ್ಬಿದೆ, ಕೊನೆಯದು ಪುಟ್ಟದು, ತುದಿ ಮೊಂಡು. ಅದೇ ಉಪಕುಟುಂಬದ ಹಲವು ನೆಂಟರಲ್ಲಿ ಕೊನೆಯ ಗೆಣ್ಣು ಸೂಜಿಮೊನೆ. ಸೀಳುಪಾದ ಮತ್ತು ಮೊಂಡು ತುದಿ, ಈ ಎರಡೂ ಸೇರಿದಾಗಲೇ ಪೆಡೆರಸ್ ಗುಂಪಿನ ಮಾತು ಎತ್ತಬಹುದು. ಹಳ್ಳದ ದಡದಲ್ಲಿ ಸಿಗುವ ಸ್ಟೀನಸ್ ಎಂಬ ಇನ್ನೊಂದು ರೋವ್ ಬೀಟಲ್ ಕುಲವಂತೂ ಸುಲಭ: ತಲೆಯ ಪಕ್ಕವೆಲ್ಲ ಕಣ್ಣೇ. ಸಗಣಿ, ತಿಪ್ಪೆಯಲ್ಲಿ ನೊಣದ ಮರಿ ತಿನ್ನುವ ಹೊಳಪುಗಪ್ಪು ಫಿಲೋಂಥಸ್ ಎಂಬ ಮತ್ತೊಂದು ಕುಲದಲ್ಲಿ ಎದೆಯ ಮೇಲಿನ ಚುಕ್ಕೆಗುಳಿಗಳನ್ನು ಎಣಿಸಿ ಒಳಗುಂಪು ಮಾಡುತ್ತಾರೆ.

ರೆಕ್ಕೆಯ ಬಗ್ಗೆ ಒಂದು ಎಚ್ಚರಿಕೆ. ಪೆಡೆರಸ್‌ನಲ್ಲಿ ಹಾರಲಾರದ ಪ್ರಭೇದಗಳೂ ಇವೆ. ಅವಕ್ಕೆ ಹಿಂರೆಕ್ಕೆ ಕುಗ್ಗಿದೆ, ಮುಂರೆಕ್ಕೆ ಇನ್ನೂ ಗಿಡ್ಡ, ಹೆಗಲು ಕಿರಿದು. ಮೊದಲ ನೋಟಕ್ಕೆ ಬೇರೆ ಕುಲವೇ ಅನ್ನಿಸುತ್ತದೆ. ಆದರೆ ಹಾರಾಟ ಬಿಟ್ಟ ದುಂಬಿಗಳಲ್ಲಿ, ಅದರಲ್ಲೂ ಬೆಟ್ಟದ ನೆತ್ತಿಯಲ್ಲಿರುವವುಗಳಲ್ಲಿ, ಈ ಮಾರ್ಪಾಡು ಮತ್ತೆ ಮತ್ತೆ, ಬೇರೆ ಬೇರೆ ವಂಶಗಳಲ್ಲಿ ಆಗಿದೆ. ಹೀಗೆ ಪದೇ ಪದೇ ಹುಟ್ಟುವ ಲಕ್ಷಣವನ್ನು ಹಿಡಿದು ರಕ್ತಸಂಬಂಧ ಹೇಳಲಾಗದು. ವರ್ಗೀಕರಣದಲ್ಲಿ ಎಲ್ಲ ಲಕ್ಷಣಕ್ಕೂ ಒಂದೇ ತೂಕವಿಲ್ಲ. ಯಾವುದಕ್ಕೆ ಎಷ್ಟು ತೂಕ ಎಂದು ನಿರ್ಣಯಿಸುವುದೇ ಈ ವಿದ್ಯೆಯ ಕಷ್ಟದ ಭಾಗ, ಸೊಗಸೂ ಹೌದು.

ಪ್ರಭೇದ ಹೇಳಬೇಕಾದರೆ ಗಂಡು ಬೇಕು. ಹೊಟ್ಟೆಯಡಿಯ ಕೊನೆಯ ಫಲಕದಲ್ಲಿ ಆಳವಾದ ಕಚ್ಚು ಇದ್ದರೆ ಗಂಡು. ಅದರ ಜನನಾಂಗವನ್ನು ಹೊರತೆಗೆದು, ಶುಚಿಗೊಳಿಸಿ, ಆಕಾರ ಹೋಲಿಸಬೇಕು. ಹೊರಗಿನಿಂದ ಅಚ್ಚುಹಾಕಿದಂತಿರುವ ಎರಡು ಪ್ರಭೇದಗಳು ಇಲ್ಲಿ ಬೇರೆಯಾಗುತ್ತವೆ. ಗದ್ದೆಗಳಲ್ಲಿ ಸಿಗುವ, 1826ರಲ್ಲಿ ಕೀಟವಿಜ್ಞಾನಿ ಕರ್ಟಿಸ್ ಹೆಸರಿಟ್ಟ ಪೆಡೆರಸ್ ಫಸ್ಕಿಪೆಸ್ ಅನ್ನು ಕೂಡ ಫೋಟೊ ಒಂದನ್ನೇ ನೋಡಿ ಖಚಿತವಾಗಿ ಹೇಳುವುದು ಸರಿಯಲ್ಲ. ನೌಕಾಪಡೆಯ ವೈದ್ಯರಾಗಿದ್ದ ಮಾಲ್ಕಮ್ ಕ್ಯಾಮರಾನ್ 1930ರಿಂದ 1939ರವರೆಗೆ ಭಾರತದ ರೋವ್ ಬೀಟಲ್‌ಗಳ ಬಗ್ಗೆ ಸಂಪುಟಗಳನ್ನೇ ಬರೆದರು. ಈಗಲೂ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ನಮ್ಮ ಕಾಫಿ ತೋಟದ ತರಗೆಲೆ, ಅಡಿಕೆ ತೋಟದ ಬಸಿಗಾಲುವೆ, ಶೋಲಾ ಕಾಡಿನ ಪಾಚಿ, ಎಲ್ಲ ಕಡೆಯೂ ಹುಡುಕಿ. ಬರಿಗೈಯಲ್ಲಿ ಹಿಡಿಯಬೇಡಿ, ಕುಂಚದಿಂದ ಶೀಶೆಗೆ ದಾಟಿಸಿ. 70 ಪರ್ಸೆಂಟ್ ಆಲ್ಕೋಹಾಲ್ ಸಾಕು. ಊರು, ತಾಲ್ಲೂಕು, ಎತ್ತರ, ತಾರೀಖು, ಯಾವ ಜಾಗದಲ್ಲಿ ಸಿಕ್ಕಿತು, ಯಾರು ಹಿಡಿದರು ಎಂಬ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.