ಕುಂಡದಲ್ಲಿ ತಾನಾಗಿ ಹುಟ್ಟಿದ ಸಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರಿನ ಮೊದಲ ಎರಡು ಮೂರು ಮಳೆ ಬಿದ್ದವೆಂದರೆ, ಪುಣೆಯ ನಮ್ಮ ಮನೆಗಳ ಗ್ಯಾಲರಿ ಮತ್ತು ಟೆರೇಸುಗಳ ಕುಂಡಗಳಲ್ಲಿ ನಾವು ಬಿತ್ತದ ಸಸಿಗಳು ತಲೆಯೆತ್ತುತ್ತವೆ. ತುಳಸಿಯ ಬುಡದಲ್ಲೋ, ಊರಿನಿಂದ ತಂದು ನೆಟ್ಟ ಸೇವಂತಿಗೆಯ ಪಕ್ಕದಲ್ಲೋ ಇಂಥ ಸಸಿ ಕಂಡ ಕೂಡಲೇ ಕೆಲವರು ಕಿತ್ತೆಸೆಯುತ್ತಾರೆ. ಕೆಲವರು ತಾನಾಗಿ ಬಂದದ್ದನ್ನು ಕೀಳಬಾರದೆಂದು ನೀರೆರೆದು ಬೆಳೆಸುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಗುರುತು ಸಿಗುವವರೆಗೆ ಅದನ್ನು ಉಳಿಸಿಕೊಳ್ಳಿ, ಆದರೆ ಗುರುತು ಸಿಗದೆ ಹೂ ಬಿಡಲು ಮಾತ್ರ ಬಿಡಬೇಡಿ.

ಹೂವಿನ ಗಡುವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಈ ಊರಿನ ಚರಿತ್ರೆಯಲ್ಲೇ ಇದೆ. ನಾವು ಕಾಂಗ್ರೆಸ್ ಕಳೆಯೆಂದೂ ಇಲ್ಲಿನವರು ಗಾಜರ್ ಗವತ್ ಎಂದೂ ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದ ಉಷ್ಣವಲಯದ ಗಿಡ. ಅದು ಭಾರತದಲ್ಲಿ ಬೇರೂರಿ ಹರಡುತ್ತಿರುವುದು ಮೊದಲು ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯಭಾಗದಲ್ಲಿ, ಇದೇ ಪುಣೆಯಲ್ಲಿ. ಹೊರದೇಶದಿಂದ ತರಿಸಿಕೊಂಡ ಗೋಧಿಯೊಂದಿಗೆ ಬೀಜ ಬಂದಿರಬೇಕೆಂಬುದು ಬಹುಮಂದಿಯ ಅಭಿಪ್ರಾಯ. ಮುಂದೆ ಅದು ದೇಶದ ಉದ್ದಗಲಕ್ಕೂ ಎಷ್ಟು ಹಬ್ಬಿತೆಂದರೆ, ಅದರ ಎಲೆಯನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಡಬೇಕಾಯಿತು. ಮೊಳೆತ ಒಂದೆರಡು ತಿಂಗಳಲ್ಲೇ ಹೂ ಬಿಡುವ ಈ ಗಿಡ, ಒಂದೊಂದೇ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಮೈಗೆ ತಾಗಿದರೆ ಹಲವರಿಗೆ ತುರಿಕೆ, ಚರ್ಮದ ಉರಿ. ಪರಾಗ ಮೂಗಿಗೆ ಹೋದರೆ ಸೀನು, ದಮ್ಮು.

ಇದರ ಸಸಿಯನ್ನು ಗುರುತಿಸಲು ಸ್ವಲ್ಪ ತಾಳ್ಮೆ ಬೇಕು. ಮೊದಲು ಕಾಣುವ ಎರಡು ಬೀಜದಳಗಳು ಬಹಳ ಚಿಕ್ಕವು. ಅವುಗಳಿಂದ ಏನನ್ನೂ ನಿರ್ಧರಿಸಲಾಗದು. ಆಮೇಲಿನ ಒಂದೆರಡು ಎಲೆಗಳೂ ಹೆಚ್ಚು ಸೀಳಿಲ್ಲದೆ ಸಾಧಾರಣವಾಗಿಯೇ ಇರುತ್ತವೆ. ಇನ್ನೂ ಕೆಲವು ಎಲೆಗಳು ಮೂಡುವ ಹೊತ್ತಿಗೆ ಅಂಚುಗಳು ಆಳವಾಗಿ ಸೀಳತೊಡಗಿ, ಗಜ್ಜರಿಯ ಎಲೆಯ ರೂಪ ಬರುತ್ತದೆ. ಕಾಂಡ ಮೇಲೇಳುವ ಮುನ್ನ ಎಲೆಗಳೆಲ್ಲ ಒಂದೇ ನಡುವಿನಿಂದ ಸುತ್ತಲೂ ಚಾಚಿ, ಮಣ್ಣಿಗೆ ಒತ್ತಿಕೊಂಡು ಮಲಗಿರುತ್ತವೆ. ಅವುಗಳ ಮೇಲೆ ನವಿರಾದ ರೋಮಗಳಿರುತ್ತವೆ. ಇದನ್ನು ಚೆಂಡುಹೂವಿನ ಸಸಿಯೆಂದು ತಿಳಿಯುವವರುಂಟು. ಆದರೆ ಚೆಂಡುಹೂವಿನ ಎಳೆಯ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಕಾಂಡ ಮೊದಲಿನಿಂದಲೂ ನೆಟ್ಟಗೆ ಏಳುತ್ತದೆ. ಸೇವಂತಿಗೆಯದೆಂಬ ಅನುಮಾನವಿದ್ದರೆ ಬುಡದ ಮಣ್ಣನ್ನು ಚಮಚದಿಂದ ಮೆಲ್ಲಗೆ ಸರಿಸಿ ನೋಡಬೇಕು: ಸೇವಂತಿಗೆಯ ಮರಿ ಮಣ್ಣಿನೊಳಗೆ ತಾಯಿಗಿಡಕ್ಕೆ ಕೂಡಿಕೊಂಡಿರುತ್ತದೆ, ಪಾರ್ಥೇನಿಯಂ ತನ್ನದೇ ಬೇರಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಎಲೆಯನ್ನು ಬರಿಗೈಯಲ್ಲಿ ಹಿಸುಕಿ ವಾಸನೆ ನೋಡುವ ನಮ್ಮ ಹಳೆಯ ರೂಢಿಯನ್ನು ಇಲ್ಲಿ ಬಿಡುವುದೇ ಲೇಸು.

ಇನ್ನೊಂದು ಸುಬಾಬುಲ್. ಮೆಕ್ಸಿಕೊ ಕಡೆಯ ಈ ಮರವನ್ನು ಒಂದು ಕಾಲದಲ್ಲಿ ಮೇವಿಗೂ ಉರುವಲಿಗೂ ಒಳ್ಳೆಯದೆಂದು ನಾವೇ ಹೊಗಳಿ ನೆಟ್ಟೆವು. ಅದರ ಸಸಿಯನ್ನು ಹುಣಸೆಯೆಂದು ಸಾಕುವವರಿದ್ದಾರೆ. ಹುಣಸೆಯಲ್ಲಿ ಒಂದು ಕಡ್ಡಿಯ ಎರಡೂ ಬದಿಗೆ ಪುಟ್ಟ ಎಲೆಗಳಿರುತ್ತವೆ, ಅಷ್ಟೆ. ಸುಬಾಬುಲಿನಲ್ಲಿ ಆ ಕಡ್ಡಿ ಮತ್ತೆ ಕವಲೊಡೆದು, ಕವಲುಗಳ ಮೇಲೆ ಎಲೆಗಳು ಸಾಲಾಗಿರುತ್ತವೆ. ಎಲೆ ಬಲಿತ ಮೇಲೆ ಮೊದಲ ಜೋಡಿ ಕವಲಿನ ಹತ್ತಿರ, ತೊಟ್ಟಿನ ಮೇಲೆ, ಬಟ್ಟಲಿನಂಥ ಒಂದು ಸಣ್ಣ ಗ್ರಂಥಿಯನ್ನು ಭೂತಗನ್ನಡಿಯಲ್ಲಿ ಕಾಣಬಹುದು. ಆದರೆ ಸುಬಾಬುಲಿನ ಮೊಟ್ಟಮೊದಲ ಎಲೆ ಹುಣಸೆಯಂತೆ ಒಂದೇ ಕಡ್ಡಿಯದಾಗಿರುವುದರಿಂದ, ಆತುರಪಟ್ಟವರಿಗೆ ತಪ್ಪುವುದು ಅಲ್ಲಿಯೇ.

ಅಶ್ವತ್ಥದ ಸಸಿ ಹಕ್ಕಿಗಳ ಹಿಕ್ಕೆಯಿಂದ ಬರುವಂಥದು, ನಮ್ಮ ನಾಡಿನದೇ. ಕೀಳಲು ಮನಸ್ಸೊಪ್ಪದಿದ್ದರೆ ಮಳೆಗಾಲದಲ್ಲೇ ಬಯಲು ನೆಲಕ್ಕೆ ಸಾಗಿಸಬೇಕು. ಕುಂಡದ ತೂತಿನಿಂದ ಬೇರು ಗೋಡೆಯ ಬಿರುಕಿಗಿಳಿದರೆ ಗೋಡೆಗೂ ಕೇಡು, ಮರಕ್ಕೂ ಕೇಡು.

ಗುರುತು ಸಿಗದ ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ, ತಳಕ್ಕೆ ತೂತು ಮಾಡಿದ ಮೊಸರಿನ ಡಬ್ಬಿಗೆ ಹಾಕಿ, ಮೇಲೆ ತಾರೀಖು ಬರೆದಿಡಿ. ವಾರಕ್ಕೊಮ್ಮೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿರಲಿ. ಎರಡೆಲೆಯ ಸಸಿಗೆ ಮೊಬೈಲ್ ಆ್ಯಪ್ ಹೇಳುವ ಹೆಸರನ್ನು ನಾನು ನಂಬುವುದಿಲ್ಲ. ಆರೇಳು ಎಲೆಯಾದ ಮೇಲಿನ ಚಿತ್ರಗಳನ್ನು ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸುವುದು ಮೇಲು. ಅಷ್ಟರಲ್ಲಿ ಮೊಗ್ಗು ಕಂಡರೆ ಚಿತ್ರ ತೆಗೆದುಕೊಂಡು ಮೊಗ್ಗನ್ನು ಚಿವುಟಿಬಿಡಿ.

ಪಾರ್ಥೇನಿಯಂ ಎಂದು ಖಚಿತವಾದರೆ ಕೈಗವಸು ತೊಟ್ಟು, ಮಣ್ಣು ಒದ್ದೆಯಿರುವಾಗ ಬೇರುಸಹಿತ ಕೀಳಬೇಕು. ಹೂ ಬಿಡದ ಗಿಡ ಗೊಬ್ಬರವಾಗುತ್ತದೆ. ಹೂ ಬಿಟ್ಟದ್ದನ್ನು ಗೊಬ್ಬರದ ಡಬ್ಬಿಗೆ ಹಾಕದೆ, ಕಟ್ಟಡದ ಹಿಂದಿನ ಟೇಕಡಿಯ, ಅಂದರೆ ಗುಡ್ಡದ, ಕಡೆಗೂ ಎಸೆಯದೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಬೇಕು. ನರ್ಸರಿಯಿಂದ ತಂದ ಕೆಂಪು ಮಣ್ಣಿನಲ್ಲೂ ಸರಿಯಾಗಿ ಕೊಳೆಯದ ಸಗಣಿ ಗೊಬ್ಬರದಲ್ಲೂ ಇನ್ನಷ್ಟು ಬೀಜಗಳು ಉಳಿದಿರಬಹುದಾದ್ದರಿಂದ, ಅದೇ ಚೀಲದ ಮಣ್ಣು ಹಾಕಿದ ಉಳಿದ ಕುಂಡಗಳನ್ನೂ ಮುಂದಿನ ಮಳೆಗಾಲದವರೆಗೆ ಗಮನಿಸುತ್ತಿರಬೇಕು.