ತಿಂಡಿ ಬಿಟ್ಟರೆ ತೂಕ ಇಳಿಯುತ್ತಾ, ಏರುತ್ತಾ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಇವತ್ತು ಬೆಳಿಗ್ಗೆ ತಿಂಡಿ ತಿನ್ನದೆ ಬಂದವರು ಯಾರಿದ್ದೀರಿ? ಕೈ ಎತ್ತಿ ನೋಡೋಣ.

ಈ ಕೈಗಳನ್ನು ನೋಡಿ. ಒಂದೂ ಪೂರ್ತಿ ಮೇಲೆ ಹೋಗಿಲ್ಲ, ಕಿವಿ ಹತ್ತಿರ ಬಂದು ನಿಂತಿವೆ. ಹೋಂವರ್ಕ್ ಮಾಡದ ಮಕ್ಕಳು ಎತ್ತುತ್ತಾರಲ್ಲ, ಹಾಗೆ. ಮಧ್ಯಾಹ್ನದ ಊಟ ಬಿಟ್ಟಿದ್ದರೆ "ಕೆಲಸ ಜಾಸ್ತಿ ಇತ್ತು" ಅಂತ ಧೈರ್ಯವಾಗಿ ಹೇಳುತ್ತಿದ್ದಿರಿ. ತಿಂಡಿ ಬಿಟ್ಟರೆ ಮಾತ್ರ ಏನೋ ತಪ್ಪು ಮಾಡಿದ ಅಳುಕು. ಈ ಅಳುಕು ಎಲ್ಲಿಂದ ಬಂತು?

ದಿನದ ಊಟಗಳಲ್ಲಿ ಬೆಳಗಿನದೇ ಮುಖ್ಯ ಅನ್ನುವ ಮಾತು 1917ರಲ್ಲೇ ಅಮೆರಿಕದ 'ಗುಡ್ ಹೆಲ್ತ್' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬರೆದವರು ಲೆನ್ನಾ ಕೂಪರ್ ಎಂಬ ಆಹಾರ ತಜ್ಞೆ. ಪತ್ರಿಕೆಯ ಸಂಪಾದಕರು ಜಾನ್ ಹಾರ್ವೆ ಕೆಲ್ಲಾಗ್. ಹೌದು, ಕಾರ್ನ್ ಫ್ಲೇಕ್ಸ್ ಡಬ್ಬದ ಮೇಲೆ ಓದುತ್ತೀರಲ್ಲ, ಅದೇ ಮನೆತನ. 1944ರಲ್ಲಿ ಜನರಲ್ ಫುಡ್ಸ್ ಕಂಪನಿ ತನ್ನ ಗ್ರೇಪ್ ನಟ್ಸ್ ಎಂಬ ಧಾನ್ಯದ ತಿಂಡಿ ಮಾರಲು ದೊಡ್ಡ ಪ್ರಚಾರಕ್ಕೆ ಇಳಿಯಿತು. ಚೆನ್ನಾಗಿ ತಿಂಡಿ ತಿಂದವರು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನೋದೇ ಅದರ ಸಾರ. ಮಾರುವವರು ಹೇಳಿದರು ಅಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ, ನಿಜ. ಆದರೆ ಹೇಳಿದವರು ಯಾರು ಅಂತ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಆಮೇಲೆ ಸಮೀಕ್ಷೆಗಳು ಬಂದವು. ದಿನಾ ತಿಂಡಿ ತಿನ್ನುವವರು ತೆಳ್ಳಗಿದ್ದಾರೆ, ಬಿಡುವವರು ದಪ್ಪ ಇದ್ದಾರೆ ಅಂತ ಒಂದರ ಹಿಂದೆ ಒಂದು ಹೇಳಿದವು. ಲೆಕ್ಕ ತಪ್ಪಿಲ್ಲ. ಅರ್ಥ ಮಾಡಿಕೊಂಡದ್ದರಲ್ಲಿ ಎಡವಟ್ಟು. ತಿಂಡಿ ಬಿಡುವವರು ಯಾರು ಅಂತ ನೋಡಿ. ರಾತ್ರಿ ತಡವಾಗಿ ಮಲಗುವವರು ಇದ್ದಾರೆ, ಸಿಗರೇಟು ಸೇದುವವರು ಇದ್ದಾರೆ, ಶಿಫ್ಟ್ ಕೆಲಸದವರು ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ಆಗಲೇ ತೂಕ ಹೆಚ್ಚಾಗಿ, ಇಳಿಸೋಣ ಅಂತ ತಿಂಡಿ ಬಿಟ್ಟವರೇ ಇದ್ದಾರೆ! ಬೀದಿ ತುಂಬ ಕೊಡೆ ಕಂಡ ದಿನ ಮಳೆ ಜೋರಾಗಿರುತ್ತದೆ. ಕೊಡೆಯಿಂದ ಮಳೆ ಬಂತು ಅಂತ ಯಾರೂ ಹೇಳಲ್ಲ.

ಗೊತ್ತಾಗಬೇಕಾದರೆ ಪ್ರಯೋಗ ಮಾಡಬೇಕು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ತಿನ್ನಿ, ಇನ್ನೊಬ್ಬರಿಗೆ ಬಿಡಿ ಅನ್ನಬೇಕು. 2014ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ನಡೆದ ಅಂಥದ್ದೊಂದು ಪ್ರಯೋಗ ಪ್ರಕಟವಾಯಿತು. ತೂಕ ಇಳಿಸಲು ಹೊರಟ 300ಕ್ಕೂ ಹೆಚ್ಚು ಜನ, 16 ವಾರ. ಎರಡು ಗುಂಪುಗಳ ತೂಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ನನಗೆ ಇಷ್ಟವಾದದ್ದು ಅದೇ ವರ್ಷ ಪ್ರಕಟವಾದ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಪ್ರಯೋಗ. ಜನ ಬರೀ 33, ಎಲ್ಲರೂ ತೆಳ್ಳಗಿನವರು. ಆದರೆ ಅಳತೆ ಮಾತ್ರ ಬಲು ಬಿಗಿ. ಒಂದು ಗುಂಪು ಬೆಳಿಗ್ಗೆ 11ರ ಒಳಗೆ ಕನಿಷ್ಠ 700 ಕ್ಯಾಲೊರಿ ತಿನ್ನಬೇಕು. ಇನ್ನೊಂದು ಗುಂಪಿಗೆ ಮಧ್ಯಾಹ್ನ 12ರ ತನಕ ನೀರು ಮಾತ್ರ. ಹೀಗೆ ಆರು ವಾರ. ಹೃದಯ ಬಡಿತ, ಮೈಯ ಚಲನೆ ಎರಡನ್ನೂ ಅಳೆಯುವ ಪುಟ್ಟ ಸಾಧನ ಮೈಗೆ ಕಟ್ಟಿದ್ದರು. ಉಪವಾಸ ಇದ್ದವರು ಮಧ್ಯಾಹ್ನ ಬಾಚಿಕೊಂಡು ತಿಂದು ಬಿಟ್ಟದ್ದನ್ನೆಲ್ಲ ತುಂಬಿಸಿಕೊಂಡರೇ? ಇಲ್ಲ. ಇಡೀ ದಿನದ ಲೆಕ್ಕದಲ್ಲಿ ಅವರು ತಿಂದದ್ದು ಕಡಿಮೆಯೇ. ಹಾಗಾದರೆ ತೆಳ್ಳಗಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ತಿಂಡಿ ತಿಂದವರು ದಿನಕ್ಕೆ ಸುಮಾರು 440 ಕ್ಯಾಲೊರಿ ಜಾಸ್ತಿ ಓಡಾಟದಲ್ಲೇ ಖರ್ಚು ಮಾಡುತ್ತಿದ್ದರು. ಯಾರೂ ಜಿಮ್‌ಗೆ ಹೋಗಿದ್ದಲ್ಲ. ಏಳುವುದು, ನಡೆಯುವುದು, ಅದೂ ಇದೂ ಎತ್ತಿಡುವುದು. ಉಪವಾಸದವರು ಮಾತ್ರ ತಮಗೇ ಗೊತ್ತಾಗದ ಹಾಗೆ ಕೂತ ಜಾಗದಲ್ಲೇ ಕೂತಿರುತ್ತಿದ್ದರು. ಖರ್ಚಿಗೆ ಕಾಸಿಲ್ಲ ಅಂದರೆ ನಾವು ಮನೆಯಲ್ಲೇ ಇದ್ದುಬಿಡುತ್ತೇವಲ್ಲ, ದೇಹವೂ ಅಷ್ಟೇ.

ಇಂಥ 13 ಪ್ರಯೋಗಗಳನ್ನು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಒಟ್ಟು ಸೇರಿಸಿ 2019ರಲ್ಲಿ ಪ್ರಕಟಿಸಿದರು. ತಿಂಡಿ ತಿಂದವರು ದಿನಕ್ಕೆ ಸರಾಸರಿ 260 ಕ್ಯಾಲೊರಿ ಹೆಚ್ಚು ತಿಂದಿದ್ದರು. ಬಿಟ್ಟವರ ತೂಕ 0.44 ಕೆಜಿ ಕಡಿಮೆ ಇತ್ತು. ಪ್ರಯೋಗಗಳು ಚಿಕ್ಕವು, ಗುಣಮಟ್ಟ ಅಷ್ಟಕ್ಕಷ್ಟೇ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅರ್ಧ ಕೆಜಿಗೂ ಕಡಿಮೆ ಅಂದರೆ ಒಂದೆರಡು ಲೋಟ ನೀರು. ಇದನ್ನು ಹಿಡಿದುಕೊಂಡು ತಿಂಡಿ ಬಿಡಿ ಅಂತ ಸಾರುವವರೂ ಹಳೇ ಜಾಹೀರಾತಿನವರ ಸಾಲಿಗೇ ಸೇರುತ್ತಾರೆ.

"ತಿಂಡಿ ತಿಂದರೆ ಮೆಟಬಾಲಿಸಂ ಸ್ಟಾರ್ಟ್ ಆಗುತ್ತೆ" ಅಂತೀರಿ. ಮೆಟಬಾಲಿಸಂ ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕೆಲಸ. ಅದೇನು ಸ್ಕೂಟರಾ, ಕಿಕ್ ಹೊಡೆಯೋಕೆ? ನಿದ್ದೆಯಲ್ಲೂ ಹೃದಯ, ಮೆದುಳು, ಲಿವರ್ ಕೆಲಸ ಮಾಡುತ್ತಲೇ ಇರುತ್ತವೆ. ತಿಂದದ್ದನ್ನು ಅರಗಿಸಲು ದೇಹ ತಿಂದದ್ದರಲ್ಲೇ ಸುಮಾರು ಶೇ 10ರಷ್ಟು ಖರ್ಚು ಮಾಡುತ್ತದೆ. ಪ್ರೊಟೀನಿಗೆ ಇನ್ನೂ ಜಾಸ್ತಿ. 40 ಕ್ಯಾಲೊರಿ ಸುಡುವ ಆಸೆಗೆ 400 ಕ್ಯಾಲೊರಿ ತಿನ್ನುವುದು ಯಾವ ಲೆಕ್ಕ?

ಆ ಲೆಕ್ಕ ನಾನೇ ಮಾಡಿದ್ದೆ. ಕೆಲವು ವರ್ಷಗಳ ಹಿಂದೆ, ಎದ್ದ ಒಂದು ಗಂಟೆಯೊಳಗೆ ತಿನ್ನಲೇಬೇಕು ಅಂತ ಡಯೆಟ್ ಹೇಳುವವರೊಬ್ಬರು ನನಗೆ ತಾಕೀತು ಮಾಡಿದರು. ನನಗೆ ಹತ್ತು ಗಂಟೆಯ ತನಕ ಹಸಿವೇ ಆಗುವುದಿಲ್ಲ. ಆದರೂ ಏಳೂವರೆಗೆ ತಟ್ಟೆ ಮುಂದೆ ಕೂತು, ನೀರು ಕುಡಿದುಕೊಂಡು ನುಂಗುತ್ತಿದ್ದೆ. ಹನ್ನೊಂದಕ್ಕೆ ಎಂದಿನಂತೆ ಹಸಿವಾಗುತ್ತಿತ್ತು, ಎಂದಿನಂತೆ ತಿನ್ನುತ್ತಿದ್ದೆ. ಎರಡು ತಿಂಗಳಲ್ಲಿ ತೂಕದ ಯಂತ್ರ ಎರಡು ಕೆಜಿ ಮೇಲೆ ತೋರಿಸಿತು. ಒಂದು ಊಟ ಸೇರಿಸಿದ್ದೆ, ಏನನ್ನೂ ಕಳೆದಿರಲಿಲ್ಲ.

ಬೆಳಿಗ್ಗೆ ಹಸಿವಾಗದಿರುವುದು ರೋಗವೇನಲ್ಲ. ರಾತ್ರಿಯಿಡೀ ತಿಂದಿಲ್ಲವಲ್ಲ, ಎದ್ದಾಗಲೇ ಹಸಿವು ಹೆಚ್ಚಿರಬೇಕು ಅನಿಸುತ್ತದೆ. ಮಂದ ಬೆಳಕಿನ ಲ್ಯಾಬಿನಲ್ಲಿ 12 ಜನರನ್ನು ಇಟ್ಟು ನೋಡಿದ 2013ರ ಅಧ್ಯಯನದಲ್ಲಿ ಆದದ್ದು ಉಲ್ಟಾ. ಹಸಿವು ತೀರಾ ಕಡಿಮೆ ಇದ್ದದ್ದು ಬೆಳಿಗ್ಗೆ ಎಂಟರ ಆಸುಪಾಸು, ಹೆಚ್ಚು ಇದ್ದದ್ದು ರಾತ್ರಿ ಎಂಟರ ಹೊತ್ತಿಗೆ. ಮೈಯೊಳಗಿನ ಗಡಿಯಾರವೇ ಹಾಗೆ.

ಹಾಗಂತ ಎಲ್ಲರೂ ನಾಳೆಯಿಂದ ಬಿಟ್ಟುಬಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ನುಂಗುವವರು ಸುಮ್ನೆ ಒಂದು ಹೊತ್ತು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬೆಳೆಯುವ ಮಕ್ಕಳು, ಬಸುರಿಯರು ಈ ಆಟಕ್ಕೆ ಬೇಡವೇ ಬೇಡ. ಉಳಿದವರಿಗೆ ನಾನು ಹೇಳುವುದು ಇಷ್ಟೇ: ಒಂದು ವಾರ ತಿಂಡಿ ತಿಂದು, ಒಂದು ವಾರ ಬಿಟ್ಟು ನೋಡಿ. ಎರಡೂ ವಾರ ಸಂಜೆ ನಾಲ್ಕರಿಂದ ಮಲಗುವ ತನಕ ಏನೇನು ಬಾಯಿಗೆ ಹೋಯಿತು ಅಂತ ಬರೆದಿಡಿ. ತಿಂಡಿ ನಿಮಗೆ ಬೇಕೋ ಬೇಡವೋ ಅಂತ ಆ ಹಾಳೆಯೇ ಹೇಳುತ್ತದೆ.

ಒಳಗೆ ಬರುವಾಗ ಒಬ್ಬರು ಚೀಟಿ ಕೊಟ್ಟಿದ್ದರು. "ನಾನು ಬೆಳಿಗ್ಗೆ ಏನೂ ತಿನ್ನಲ್ಲ, ಬರೀ ಕಾಫಿ. ಆದರೂ ತೂಕ ಇಳಿಯುತ್ತಿಲ್ಲ, ಯಾಕೆ?" ಎಷ್ಟು ಲೋಟ ಅಂತ ಕೇಳಿದೆ. ಮಧ್ಯಾಹ್ನದೊಳಗೆ ನಾಲ್ಕು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಅಂದರು. ಒಂದು ಚಮಚಕ್ಕೆ 16 ಕ್ಯಾಲೊರಿ ಅಂತ ಹಿಡಿದರೂ ಸಕ್ಕರೆಯೇ 128 ಆಯಿತು. ಹಾಲಿನ ಲೆಕ್ಕ ಬೇರೆ. ಸ್ವಾಮಿ, ಬಾತ್‌ನವರು ನಿಮ್ಮನ್ನು ಉಪವಾಸದ ಗುಂಪಿಗೆ ಸೇರಿಸಿಕೊಳ್ಳುತ್ತಿರಲಿಲ್ಲ.