ಬಿಸಿಯಲ್ಲಿ ಎಷ್ಟು ಪಾಲು ಕರೆಂಟಾಗುತ್ತದೆ?

ಕೇಳುಗರಿಗೆ ನಮಸ್ಕಾರ.

ಉಷ್ಣ ವಿದ್ಯುತ್ ಸ್ಥಾವರದ ಪಕ್ಕದಲ್ಲಿ, ನಡು ಸಣ್ಣಗಾದ ದೊಡ್ಡ ಗೋಪುರಗಳನ್ನು ನೋಡಿರುತ್ತೀರಿ. ಅವುಗಳ ಬಾಯಿಂದ ಬೆಳ್ಳಗೆ ಏಳುವುದು ಹೊಗೆಯಲ್ಲ, ನೀರಾವಿ ತಣಿದು ಆದ ಮೋಡ. ಕಲ್ಲಿದ್ದಲು ಉರಿಸಿ ಪಡೆದ ಬಿಸಿಯಲ್ಲಿ ಸುಮಾರು ಅರ್ಧ ಹೀಗೇ ಗಾಳಿಪಾಲು. ಇದನ್ನು ತಡೆಯಬಾರದೇ ಅಂತ ಅನಿಸುತ್ತದೆ, ಅಲ್ವಾ?

ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ಇದಕ್ಕೆ ಉತ್ತರ ಕೊಟ್ಟ. ಆಗ ಅವನಿಗೆ 28 ವರ್ಷ. ನೀರು ಮೇಲಿಂದ ಕೆಳಕ್ಕೆ ಬಿದ್ದರೆ ತಾನೇ ಚಕ್ರ ತಿರುಗುವುದು? ಬಿಸಿಯೂ ಹಾಗೇ ಎಂದ. ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಇಳಿಯುವಾಗ ಮಾತ್ರ ಅದರಿಂದ ಕೆಲಸ ತೆಗೆಯಬಹುದು. ದಾರಿಯಲ್ಲಿ ಬಿಸಿ ಖರ್ಚಾಗುವುದೇ ಇಲ್ಲ ಅಂತ ಅವನು ನಂಬಿದ್ದ. ಅದು ತಪ್ಪು. ಆದರೂ ತೀರ್ಮಾನ ಗಟ್ಟಿಯಾಗಿ ನಿಂತಿತು!

ಲೆಕ್ಕ ಸುಲಭ. ಟರ್ಬೈನಿಗೆ ಬರುವ ಹಬೆ 565 ಡಿಗ್ರಿ ಸೆಲ್ಸಿಯಸ್, ತಣಿಸುವ ನೀರು 25 ಡಿಗ್ರಿ ಅನ್ನಿ. ಎರಡಕ್ಕೂ 273 ಕೂಡಿಸಿದರೆ, ಅತಿ ತಣ್ಣನೆಯ ಬಿಂದುವನ್ನೇ ಸೊನ್ನೆ ಅನ್ನುವ ಅಳತೆಯಾದ ಕೆಲ್ವಿನ್‌ನಲ್ಲಿ 838 ಮತ್ತು 298. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ. ಸುಮಾರು 0.36 ಬರುತ್ತದೆ. ಅಂದರೆ ನೂರರಲ್ಲಿ 36 ಪಾಲು ಬಿಸಿಯನ್ನು ಚೆಲ್ಲಲೇಬೇಕು. ಎಂಥ ಯಂತ್ರ ಕಟ್ಟಿದರೂ ಕೆಲಸಕ್ಕೆ ಸಿಗುವುದು 64 ಮಾತ್ರ.

ಹಾಗಾದರೆ ಎಷ್ಟೋ ಸ್ಥಾವರಗಳು 35, 40ಕ್ಕೇ ನಿಲ್ಲುವುದೇಕೆ? ನನಗೆ ತುಂಬಾ ಹಿಡಿಸಿದ ಭಾಗ ಇದು. 64 ಪೂರ್ತಿ ಸಿಗಬೇಕಾದರೆ ಯಂತ್ರ ಕೊನೆಯಿಲ್ಲದಷ್ಟು ನಿಧಾನವಾಗಿ ನಡೆಯಬೇಕು. ಯಾಕೆಂದರೆ ಬಿಸಿ ಬೇಗ ಹರಿಯಬೇಕಾದರೆ ಉರಿಗೂ ಹಬೆಗೂ ನಡುವೆ ಬಿಸಿಯ ಅಂತರ ಇರಬೇಕು. ಆ ಅಂತರದಷ್ಟು ಇಳಿತ ಸುಮ್ನೆ ಹಾಳು. ಅಂತರವೇ ಇಲ್ಲದ ಆದರ್ಶ ಯಂತ್ರದಿಂದ ಒಂದು ಬಲ್ಬೂ ಉರಿಯದು. 1975ರಲ್ಲಿ ಕರ್ಜನ್ ಮತ್ತು ಆಲ್ಬಾರ್ನ್ ಎಂಬ ಇಬ್ಬರು ಭೌತವಿಜ್ಞಾನಿಗಳು ಲೆಕ್ಕವನ್ನೇ ತಿರುಗಿಸಿದರು: ಅತಿ ಹೆಚ್ಚು ಶಕ್ತಿ ಬೇಗ ಬೇಗ ಬೇಕಾದರೆ ದಕ್ಷತೆ ಎಷ್ಟು? ಆ 0.36ರ ವರ್ಗಮೂಲ 0.6. ನೂರರಲ್ಲಿ 60 ಚೆಲ್ಲಿ, 40 ಉಳಿಸಿಕೊಳ್ಳಿ. ಕಾರ್ನೋನ ಮಿತಿಯಂತೆ ಇದು ದಾಟಲಾಗದ ಗೆರೆಯಲ್ಲ. ಹೊಸ ಸ್ಥಾವರಗಳು ಕೆಲವು 45 ಮುಟ್ಟಿವೆ.

ಇನ್ನೂ ಜಾಸ್ತಿ ಬೇಕಾದರೆ ಮೇಲಿನ ಬಿಸಿ ಏರಿಸಬೇಕು. ಆದರೆ 600 ಡಿಗ್ರಿ ದಾಟಿದರೆ ಬಾಯ್ಲರಿನ ಉಕ್ಕಿನ ಕೊಳವೆಗಳಿಗೆ ಕಷ್ಟ. ಹಬೆಯ ಬದಲು ಉರಿಯ ಬಿಸಿ ಅನಿಲದಿಂದಲೇ ತಿರುಗುವ ಗ್ಯಾಸ್ ಟರ್ಬೈನಿನಲ್ಲಿ 1500 ಡಿಗ್ರಿಯವರೆಗೂ ಹೋಗುತ್ತಾರೆ. ಅದರ ಬಾಲದಿಂದ ಬರುವ ಬಿಸಿಗಾಳಿಯಲ್ಲೇ ಮತ್ತೆ ಹಬೆ ಮಾಡಿ, ಎರಡೂ ಸೇರಿ 60 ದಾಟಿಸುತ್ತಾರೆ. ಅಲ್ಲಿನ ಅಲಗುಗಳ ಲೋಹ ಆ ಬಿಸಿಗೆ ಕರಗಿಹೋಗಬೇಕು. ಕರಗದಂತೆ, ಅಲಗಿನ ಒಳಗೇ ಸಣ್ಣ ತೂತುಗಳನ್ನಿಟ್ಟು ಗಾಳಿ ಹಾಯಿಸುತ್ತಾರೆ.